ಹೊಲ–ಒಲೆ: ಈ ಸಲ ಬರೀ ಕಡಲೆ

ಹೋದ ಸಂಚಿಕೆಯ ಕೊನೆಗೆ ಸುಮ್ಮನೆ ಒಂದು ಸಾಲು ಬರೆದಿದ್ದೆ, ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಕಡಲೆ ಹೂ ಬಿಟ್ಟಿದೆ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಸಂಪಾದಕರು ಎಲ್ಲವನ್ನೂ ಒಂದೇ ಲಕೋಟೆಗೆ ತುರುಕಿ, ಮೇಲೆ "ಕಡಲೆ ನಿಮ್ಮ ತಲೆಗೇ ಬಂತು" ಎಂದು ಬರೆದು ಕಳಿಸಿದ್ದಾರೆ. ಬರಲಿ. ಮೂವತ್ತು ವರ್ಷ ಕೃಷಿ ಸಹಾಯಕಿಯಾಗಿ ಕಂಡವರ ಹೊಲ ತಿರುಗಿದ್ದೇನೆ, ಈಗ ಅಣ್ಣಿಗೇರಿ ಹತ್ತಿರದ ನಮ್ಮ ಎಂಟು ಎಕರೆಯಲ್ಲಿ ತಿರುಗುತ್ತೇನೆ. ಬೇರೆ ಬೆಳೆ ಕೇಳಿದರೆ ಪುಸ್ತಕ ತೆಗೆಯಬೇಕು. ಕಡಲೆಗೆ ಬೇಡ.

ನಮ್ಮ ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೇವೆ. ಬೀಗರ ಮನೆಯಲ್ಲಿ ಚಟ್ನಿಗೆ ಹುರಿಗಡಲೆ ಕೇಳಿದರೆ ಸಿಪ್ಪೆ ಸಮೇತ ಹುರಿದ ಕಾಳು ತಂದುಕೊಟ್ಟರು. ಕಡಲೆಕಾಯಿ ಅಂದರೆ ಹಸಿರು ಗಿಡದ ಕಟ್ಟು ಬಂತು! ನಾವಿಬ್ಬರೂ ಮಾತಾಡುವುದು ಒಂದೇ ಭಾಷೆಯೇ? (ಬಸವನಗುಡಿ, ಬೆಂಗಳೂರು)

ಭಾಷೆ ಒಂದೇ, ಕಿರಾಣಿ ಅಂಗಡಿ ಬೇರೆ. ನಿಮ್ಮ ಕಡಲೆಕಾಯಿ ನಮಗೆ ಶೇಂಗಾ. ನಿಮ್ಮ ಹುರಿಗಡಲೆ ನಮಗೆ ಪುಟಾಣಿ. ನಮಗೆ ಕಡಲೆ ಅಂದರೆ ಕಡಲೆ ಮಾತ್ರ, ಅದರ ಕಾಯಿ ಅಂದರೆ ಅದರದೇ ಕಾಯಿ. ಹಾಗಾಗಿ ಬೀಗರು ಗಿಡ ತಂದುಕೊಟ್ಟದ್ದರಲ್ಲಿ ಅವರದೇನೂ ತಪ್ಪಿಲ್ಲ. ನಿಜ ಹೇಳಬೇಕೆಂದರೆ ಹಳೆಯ ಹಕ್ಕು ಅವರದೇ. ಶೇಂಗಾ ದಕ್ಷಿಣ ಅಮೆರಿಕದ್ದು, ಪೋರ್ಚುಗೀಸರು ಹಡಗು ಹತ್ತಿದ ಮೇಲೆ ಇತ್ತ ಬಂದದ್ದು. ಬಂದಾಗ ಅದಕ್ಕೊಂದು ಹೆಸರು ಬೇಕಲ್ಲ, ಆಗಲೇ ಮನೆಯಲ್ಲಿದ್ದ ಕಡಲೆಯ ಹೆಸರನ್ನೇ ಎರವಲು ಕೊಟ್ಟರು. ಒಂದು ಕಡೆ ನೆಲಗಡಲೆ, ಒಂದು ಕಡೆ ಕಡಲೆಕಾಯಿ. ಆಮೇಲೆ ಎರವಲು ತಂದವನೇ ಮನೆಯ ಯಜಮಾನನಾದ. ನಿಮ್ಮ ಮನೆ ಪಕ್ಕದಲ್ಲೇ ಕಾರ್ತೀಕದ ಕೊನೆಯ ಸೋಮವಾರ ಅಷ್ಟು ದೊಡ್ಡ ಪರಿಷೆ ನೆರೆಯುತ್ತದೆ, ಅಲ್ಲಿ ರಾಶಿ ಬಿದ್ದಿರುವುದೆಲ್ಲ ಶೇಂಗಾ!

ಪುಟಾಣಿಯ ಮಾತು ಬಂತು, ಅದು ಸುಮ್ಮನೆ ಹುರಿದ ಕಡಲೆ ಅಂತ ಬಹಳ ಜನ ತಿಳಿದಿದ್ದಾರೆ. ಬಾಣಲೆಯಲ್ಲಿ ಹುರಿದು ನೋಡಿ, ಕರಕಲಾಗುತ್ತದೆಯೇ ಹೊರತು ಪುಟಾಣಿ ಆಗುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ತುದಿಗೆ ಒಂದು ಭಟ್ಟಿ ಇತ್ತು. ಮೊದಲ ದಿನ ಕಾಳನ್ನು ಒಮ್ಮೆ ಬಿಸಿ ಮಾಡಿ, ನೀರು ಚಿಮುಕಿಸಿ, ಗೋಣಿ ಹೊದಿಸಿ ರಾತ್ರಿಯಿಡೀ ಮಲಗಿಸುತ್ತಿದ್ದರು. ಮರುದಿನ ಕೆಂಡದಂತೆ ಕಾದ ಮರಳಿಗೆ ಹಾಕಿ ಕ್ಷಣ ಹೊತ್ತು ಆಡಿಸಿ, ಜರಡಿಗೆ ಸುರಿದರೆ ಮರಳು 'ಸರ್' ಅಂತ ಕೆಳಗಿಳಿಯುತ್ತಿತ್ತು. ಆ ಬಿಸಿಯಲ್ಲೇ ಹಲಗೆಯಿಂದ ಒತ್ತಿ ತಿಕ್ಕಿದರೆ ಸಿಪ್ಪೆ ಬಿಟ್ಟು ಹಳದಿ ಬೇಳೆ ಎರಡಾಗಿ ಉದುರುತ್ತಿತ್ತು. ಒಡೆದ ಚೂರು ನಮ್ಮಂಥ ಹುಡುಗರ ಪಾಲು. ಮಗಳಿಗೆ ಹೇಳಿ, ಹುಬ್ಬಳ್ಳಿಯಲ್ಲಿ 'ಪುಟಾಣಿ' ಅಂದರೆ ಚಟ್ನಿ ಸಲೀಸಾಗಿ ಆಗುತ್ತದೆ.

ಪುಣೆಯ ಕೆಲಸ ಬಿಟ್ಟು ಊರಿಗೆ ಬಂದು ಇದು ಎರಡನೇ ವರ್ಷ. ನಾಲ್ಕು ಎಕರೆ ಕಡಲೆ. ಕೊಳವೆಬಾವಿ ಇದೆಯೆಂದು ಸ್ಪ್ರಿಂಕ್ಲರಿನಲ್ಲಿ ಮೂರು ಸಲ ನೀರು ಕೊಟ್ಟೆ, ನಡುವೆ ಯೂರಿಯಾನೂ ಹಾಕಿದೆ. ಗಿಡ ಮೊಣಕಾಲು ದಾಟಿದೆ, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಆದರೆ ಕಾಯಿ ಅಲ್ಲೊಂದು ಇಲ್ಲೊಂದು. ಯಾವ ಪೋಷಕಾಂಶ ಕಡಿಮೆಯಾಗಿದೆ? (ರೋಣ ತಾಲ್ಲೂಕು)

ಯಾವುದೂ ಕಡಿಮೆಯಾಗಿಲ್ಲ ತಮ್ಮಾ, ಎಲ್ಲ ಹೆಚ್ಚಾಗಿದೆ.

ಬೇಜಾರಾಗಬೇಡ, ಇದೇ ತಪ್ಪನ್ನು ನಾನು ಮಾಡಿದ್ದೇನೆ, ಅದೂ ನೌಕರಿಯಲ್ಲಿದ್ದಾಗ, ಊರಿಗೆಲ್ಲ ಬುದ್ಧಿ ಹೇಳುತ್ತಿದ್ದಾಗ. ನಮ್ಮ ಹೊಲಕ್ಕೆ ಆಗಷ್ಟೇ ನೀರು ಬಂದಿತ್ತು. ಬಂದ ನೀರನ್ನು ಸುಮ್ಮನೆ ಬಿಡಲು ಮನಸ್ಸಾದೀತೇ? ಕೊಟ್ಟೆ. ಕಡಲೆ ಹಸಿರು ಹಚ್ಚಡ ಹೊದ್ದ ಹಾಗೆ ಬೆಳೆಯಿತು. ನಮ್ಮ ಅತ್ತಿ ಬದುವಿನ ಮೇಲೆ ನಿಂತು ನೋಡಿ ಒಂದೇ ಮಾತು ಅಂದರು: "ಪಲ್ಲೆಕ (ಸೊಪ್ಪಿನ ಪಲ್ಯಕ್ಕೆ) ಚೊಲೊ ಐತಿ." ಆ ವರ್ಷ ರಾಶಿ ಮಾಡಿದಾಗ ಹಿಂದಿನ ವರ್ಷದ ಅರ್ಧವೂ ಬರಲಿಲ್ಲ. ಹೊಟ್ಟು ಮಾತ್ರ ದನಗಳಿಗೆ ಬೇಕಾದಷ್ಟಾಯಿತು.

ಕಾರಣ ಗಿಡದ ಸ್ವಭಾವದಲ್ಲಿದೆ. ಕೆಲವು ಗಿಡ ಹೂ ಬಿಟ್ಟ ಮೇಲೆ ಬೆಳೆಯುವುದನ್ನು ನಿಲ್ಲಿಸಿ ಕಾಳಿನ ಕಡೆ ತಿರುಗುತ್ತವೆ. ಕಡಲೆ ಹಾಗಲ್ಲ. ಹೂ ಬಿಡುತ್ತಲೂ ಬೆಳೆಯುತ್ತದೆ, ಕಾಯಿ ಕಟ್ಟುತ್ತಲೂ ಬೆಳೆಯುತ್ತದೆ. ನೆಲದಲ್ಲಿ ನೀರು ಇರುವವರೆಗೂ ಇನ್ನೊಂದು ಟೊಂಗೆ, ಇನ್ನಷ್ಟು ಎಲೆ. ಕೆಳಗೆ ಹಸಿ ಆರುತ್ತಾ ಬಂದಾಗಲೇ ಇನ್ನು ದಿನ ಕಡಿಮೆ ಅಂತ ಅದಕ್ಕೆ ತಿಳಿಯುವುದು. ಆಗ ಎಲೆ ಹಳದಿ ಮಾಡಿಕೊಂಡು ಇದ್ದಬದ್ದ ಸತ್ವವನ್ನೆಲ್ಲ ಕಾಯಿಗೆ ಸಾಗಿಸುತ್ತದೆ. ಮುಂಗಾರಿಯ ಮಳೆಯನ್ನು ಎರಿ ಮಣ್ಣು ಹೀರಿಟ್ಟುಕೊಂಡಿರುತ್ತದೆ. ಅಕ್ಟೋಬರಿನಲ್ಲಿ ಬಿತ್ತಿದ ಕಡಲೆ ತಾಯಿಬೇರನ್ನು ಮೀಟರಿಗೂ ಆಳಕ್ಕೆ ಇಳಿಸಿ ಆ ಹಸಿ ಕುಡಿಯುತ್ತಾ, ಮೇಲಿನಿಂದ ಇಬ್ಬನಿ ಬೀಳಿಸಿಕೊಳ್ಳುತ್ತಾ, ತೊಂಬತ್ತೈದು–ನೂರು ದಿನಕ್ಕೆ ಮುಗಿಸುತ್ತದೆ. ನೀನು ಮೂರು ಸಲ ನೀರು ಕೊಟ್ಟು, ಇನ್ನೂ ಮಳೆಗಾಲ ಮುಗಿದಿಲ್ಲ ಅಂತ ಅದಕ್ಕೆ ಸುಳ್ಳು ಹೇಳಿದೆ. ಅದು ನಂಬಿತು.

ತೀರಾ ಒಣ ವರ್ಷ, ನೆಲ ಬೇಗ ಬಿರುಕು ಬಿಟ್ಟಿದೆ ಅಂದರೆ ಹೂವಿಗೆ ಮೊದಲು ಒಂದು ತೆಳ್ಳನೆ ನೀರು ಕೊಡು. ಹೂ ತುಂಬಿ ಬಿಟ್ಟಾಗ ತಲೆಯ ಮೇಲೆ ಸ್ಪ್ರಿಂಕ್ಲರ್ ತಿರುಗಿಸಬೇಡ, ಹೂ ಉದುರುತ್ತದೆ.

ಯೂರಿಯಾದ ಲೆಕ್ಕ ಬೇರೆ. ಇಡೀ ನಾಲ್ಕು ಎಕರೆಗೆ ಅದರ ಅಗತ್ಯವೇ ಇರಲಿಲ್ಲ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ ಗೊಬ್ಬರ ಹಾಕಿದರೆ 9 ಕಿಲೊ ಸಾರಜನಕ, 23 ಕಿಲೊ ರಂಜಕ ಸಿಗುತ್ತದೆ. ಸಸಿಗೆ ಆರಂಭದ ತುತ್ತು ಅಷ್ಟು ಸಾಕು, ಮುಂದಿನದನ್ನು ಬೇರಿನ ಗಂಟು ನೋಡಿಕೊಳ್ಳುತ್ತದೆ. ನಂಬಿಕೆ ಇಲ್ಲದಿದ್ದರೆ ನಲವತ್ತು ದಿನದ ಒಂದು ಗಿಡವನ್ನು ಸಲಿಕೆಯಿಂದ ಮಣ್ಣು ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸು. ಬೇರಿಗೆ ಅಂಟಿದ ಗಂಟನ್ನು ಉಗುರಿನಿಂದ ಸೀಳು. ಒಳಗೆ ಹಸಿ ಮಾಂಸದಂತೆ ಕೆಂಪಾಗಿದ್ದರೆ ಒಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಾ ದುಡಿಯುತ್ತಿದೆ. ಬೂದು, ಹಸಿರು ಅಥವಾ ಟೊಳ್ಳು ಇದ್ದರೆ ಕೆಲಸ ಬಿಟ್ಟಿದೆ. ಮೇಲಿನಿಂದ ಪುಕ್ಕಟೆ ಸಾರಜನಕ ಸುರಿದರೆ ಅದು ಯಾಕೆ ದುಡಿದೀತು? ಮುಂದಿನ ಸಲ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಲೇಪಿಸು. ಕಡಲೆಯದ್ದನ್ನೇ ಕೇಳಿ ತೆಗೆದುಕೊ, ಶೇಂಗಾದ್ದು ಇದಕ್ಕೆ ಒಗ್ಗುವುದಿಲ್ಲ.

ಇನ್ನೊಂದು, ಕುಡಿ ಚಿವುಟಿದ್ದೀಯೋ ಇಲ್ಲವೋ ನೀನು ಬರೆದಿಲ್ಲ. ಮೂವತ್ತರಿಂದ ಮೂವತ್ತೈದು ದಿನಕ್ಕೆ ಕುಡಿ ಚಿವುಟಿದರೆ ಗಿಡ ಮೇಲಕ್ಕೆ ಹೋಗುವ ಆಸೆ ಬಿಟ್ಟು ಅಡ್ಡ ಟೊಂಗೆ ಒಡೆಯುತ್ತದೆ, ಟೊಂಗೆ ಹೆಚ್ಚಿದಷ್ಟೂ ಕಾಯಿ. ಕೂಲಿ ಕೊಡಬೇಕಾಗಿಯೂ ಇಲ್ಲ. ಊರಿನ ಹೆಣ್ಣುಮಕ್ಕಳಿಗೆ "ಪಲ್ಲೆ ಹರಕೊಂಡ ಹೋಗ್ರಿ" ಅಂದರೆ ಸಾಕು, ಉಡಿ ತುಂಬಿಕೊಂಡು ಹೋಗುತ್ತಾರೆ. ಆ ಪಲ್ಲೆಗೆ ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ. ಈ ಅಂಕಣದ ಹೆಸರಿನಲ್ಲಿ ಒಲೆಯೂ ಇದೆ ಅಂತ ಹೇಳಿದೆ.

ರಜೆಯಲ್ಲಿ ಗಜೇಂದ್ರಗಡದ ಹತ್ತಿರ ಮಾಮನ ಹೊಲಕ್ಕೆ ಹೋಗಿದ್ದೆ. ಬೆಳಿಗ್ಗೆ ಕಡಲೆ ಹೊಲದಲ್ಲಿ ಓಡಾಡಿದೆ. ಕಾಲು ಉರಿಯಿತು, ಬೆರಳು ನೆಕ್ಕಿದರೆ ಹುಳಿ ಹುಳಿ! ಔಷಧಿ ಹೊಡೆದಿದ್ದರಾ? (9ನೇ ತರಗತಿ ವಿದ್ಯಾರ್ಥಿನಿ, ಶಿವಮೊಗ್ಗ)

ಔಷಧಿ ಹೊಡೆದಿದ್ದರೆ ನೀನು ಬೆರಳು ನೆಕ್ಕಿದ್ದಕ್ಕೆ ನಿನ್ನ ಮಾಮನಿಗೆ ಜೀವ ಹೋಗುತ್ತಿತ್ತು ಮಗಳೇ. ಇನ್ನು ಮುಂದೆ ಕೇಳದೆ ನೆಕ್ಕಬೇಡ. ಆದರೆ ನಿನಗೆ ಸಿಕ್ಕಿದ್ದು ಗಿಡದ್ದೇ ಹುಳಿ. ಕಡಲೆಯ ಎಲೆ, ಕಾಂಡ, ಕಾಯಿ ಎಲ್ಲದರ ಮೇಲೂ ಸಣ್ಣ ಸಣ್ಣ ರೋಮಗಳಿವೆ, ಭೂತಗನ್ನಡಿ ಹಿಡಿದರೆ ತುದಿಯಲ್ಲಿ ಒಂದೊಂದು ಹನಿ ಮಿನುಗುವುದು ಕಾಣುತ್ತದೆ. ಅದರಲ್ಲಿ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಇವೆ. ಮೊದಲನೆಯದು ಹಸಿ ಸೇಬಿನಲ್ಲಿರುವ ಹುಳಿ. ಇಬ್ಬನಿ ಬಿದ್ದಾಗ ಅದು ಕರಗಿ ನಿನ್ನ ಕಾಲಿಗೆ ಮೆತ್ತಿತು. ಚರ್ಮದ ಚಪ್ಪಲಿ ಹಾಕಿಕೊಂಡು ಒಂದು ವಾರ ಅದರಲ್ಲೇ ಓಡಾಡು, ಚಪ್ಪಲಿಯೂ ಸುಟ್ಟ ಹಾಗಾಗುತ್ತದೆ.

ಗಿಡಕ್ಕೆ ಅದು ಕಾವಲು. ಕಾಯಿಕೊರಕ ಹುಳದ ಮರಿಗೆ ಆಕ್ಸಾಲಿಕ್ ಆಮ್ಲ ಹೆಚ್ಚಿದ್ದಲ್ಲಿ ಮೈ ಹತ್ತುವುದಿಲ್ಲ. ಪೂರ್ತಿ ತಡೆಯುತ್ತದೆ ಅಂದುಕೊಳ್ಳಬೇಡ, ಆ ಹಸಿರು ಕೀಡಿ ಮಹಾ ಮೊಂಡು. ತಲೆಯನ್ನು ಕಾಯಿಯೊಳಗೆ ತೂರಿಸಿ, ಮೈಯನ್ನು ಹೊರಗೆ ನೇತಾಡಿಸಿಕೊಂಡು ತಿನ್ನುತ್ತಾ ಇರುತ್ತದೆ. ಅದಕ್ಕೇ ನಾವು ಹೊಲದಲ್ಲಿ ಅಲ್ಲಲ್ಲಿ ಟೊಂಗೆ ನೆಟ್ಟು ಹಕ್ಕಿಗಳಿಗೆ ಕೂರಲು ಜಾಗ ಮಾಡುತ್ತೇವೆ. ಕಾಜಾಣ ಬಂದು ಕೂತರೆ ಒಂದು ಹೊತ್ತಿಗೆ ಎಷ್ಟು ಕೀಡಿ ಹೆಕ್ಕುತ್ತದೆಂದು ಕೂತು ನೋಡಬೇಕು.

ನಮ್ಮ ಅತ್ತಿ ಈ ಹುಳಿಯನ್ನು ಹಿಡಿದಿಡುತ್ತಿದ್ದರು. ಸಂಜೆ ಒಂದು ತೆಳ್ಳನೆ ಬಿಳಿ ಧೋತರವನ್ನು ತೊಳೆದು ಕಡಲೆ ಗಿಡಗಳ ಮೇಲೆ ಹಾಸಿ ಬರುವುದು. ಹೊತ್ತು ಹುಟ್ಟುವ ಮುಂಚೆ ಹೋಗಿ, ಇಬ್ಬನಿಯಲ್ಲಿ ತೊಯ್ದ ಬಟ್ಟೆಯನ್ನು ಕಂಚಿನ ಪಾತ್ರೆಗಲ್ಲ, ಗಾಜಿನ ಅಥವಾ ಮಣ್ಣಿನ ಪಾತ್ರೆಗೆ ಹಿಂಡುವುದು. ಕಂಚಿಗೆ ಹಿಂಡಿದರೆ ಬೈಗುಳ ತಪ್ಪಿದ್ದಲ್ಲ. ನಾಲ್ಕೈದು ದಿನ ಹೀಗೆ ಮಾಡಿದರೆ ಸಣ್ಣ ಸೀಸೆ ತುಂಬುತ್ತಿತ್ತು. ಹೊಟ್ಟೆನೋವು ಅಂದವರಿಗೆ ನಾಲ್ಕು ಹನಿ ನೀರಿಗೆ ಹಾಕಿ ಕೊಡುತ್ತಿದ್ದರು. ಹೊಟ್ಟೆನೋವು ಹೋಗುತ್ತಿದ್ದದ್ದು ಹುಳಿಗೋ ಅತ್ತಿಯ ಹೆದರಿಕೆಗೋ, ನಾನು ಎರಡನೆಯದಕ್ಕೇ ಮತ ಹಾಕುತ್ತೇನೆ. ನೀನು ಮನೆಯಲ್ಲಿ ಔಷಧಿ ಅಂತ ಮಾಡಲು ಹೋಗಬೇಡ, ಆಕ್ಸಾಲಿಕ್ ಆಮ್ಲ ಕಿಡ್ನಿಗೆ ಒಳ್ಳೆಯದಲ್ಲ.

ಅಣ್ಣಿಗೇರಿ ತಳಿಯನ್ನೇ ಅಪ್ಪನ ಕಾಲದಿಂದ ಬಿತ್ತುತ್ತಿದ್ದೇವೆ. ಈ ವರ್ಷ ಹೊಲದಲ್ಲಿ ಅಲ್ಲಲ್ಲಿ ಗಿಡ ಇದ್ದಕ್ಕಿದ್ದಂತೆ ಬಾಡಿ ನಿಂತಿವೆ. ಹುಳ ಕಾಣುವುದಿಲ್ಲ, ನೀರೂ ಇದೆ. (ನವಲಗುಂದ ತಾಲ್ಲೂಕು)

ಬಾಡಿದ ಒಂದು ಗಿಡ ಕಿತ್ತು, ಬುಡದ ಮೇಲಿನ ಕಾಂಡವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ನಡುವೆ ಪೆನ್ಸಿಲ್ ಗೆರೆ ಎಳೆದಂತೆ ಕಪ್ಪು–ಕಂದು ಪಟ್ಟಿ ಕಂಡರೆ ಅದು ಸಿಡಿ ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ನಾಳವನ್ನೇ ಮುಚ್ಚಿಬಿಡುತ್ತದೆ. ಹೊಲದಲ್ಲಿ ಹಸಿ ಇದ್ದೂ ಗಿಡ ಬಾಯಾರಿ ಸಾಯುತ್ತದೆ. ಬಿದ್ದ ಮೇಲೆ ಮದ್ದಿಲ್ಲ, ಅಂಗಡಿಯವರು ಏನು ಕೊಟ್ಟರೂ ತರಬೇಡಿ.

ಅಣ್ಣಿಗೇರಿ-1 ನಮ್ಮೂರ ಹೆಸರು ಹೊತ್ತ ತಳಿ, 1978ರಲ್ಲಿ ಬಿಡುಗಡೆಯಾದದ್ದು. ಅದರ ಬೇಳೆಯ ರುಚಿ, ಬೇಯುವ ಗುಣದ ಬಗ್ಗೆ ನನ್ನ ಮುಂದೆ ಯಾರೂ ಎರಡು ಮಾತಾಡುವ ಹಾಗಿಲ್ಲ. ಆದಿಕವಿ ಪಂಪನನ್ನೂ ನಮ್ಮೂರಿನವನೇ ಅನ್ನುತ್ತಾರೆ, ಆದರೆ ಸಂತೆಯಲ್ಲಿ ಕಡಲೆಯಿಂದಲೇ ನಮಗೆ ಹೆಸರು. ಆದರೂ ಸಿಡಿ ರೋಗದ ಮುಂದೆ ಈ ತಳಿ ದುರ್ಬಲ, ಅದನ್ನು ಒಪ್ಪಿಕೊಳ್ಳಬೇಕು. 1999ರಲ್ಲಿ ಬಂದ ಜೆಜಿ-11 ತಳಿ ರೋಗ ತಡೆಯುತ್ತದೆ, ಕಾಳೂ ಸ್ವಲ್ಪ ದಪ್ಪ, ಹಾಗಾಗಿ ನಮ್ಮ ಸುತ್ತಮುತ್ತಲೂ ಅದು ಹೊಲ ಹಿಡಿಯಿತು. ಅಣ್ಣಿಗೇರಿಯೇ ಬೇಕು ಅನ್ನುವ ನನ್ನಂಥವರಿಗಾಗಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಸೇರಿ, ಅದಕ್ಕೆ ರೋಗ ತಡೆಯುವ ಗುಣವನ್ನು ಕೂಡಿಸಿ 'ಸೂಪರ್ ಅಣ್ಣಿಗೇರಿ-1' ಮಾಡಿದ್ದಾರೆ. ಕಂಬೈನ್ ಯಂತ್ರದಲ್ಲಿ ಕೊಯ್ಯಬೇಕು ಅನ್ನುವವರು ಎತ್ತರಕ್ಕೆ ನೆಟ್ಟಗೆ ಬೆಳೆಯುವ ಜಿಬಿಎಂ-2, ಎನ್‌ಬಿಇಜಿ-47 ಕೇಳಿ.

ಬೀಜ ಬದಲಿಸಿದರೂ ಆ ಹೊಲಕ್ಕೆ ಮುಂದಿನ ಹಿಂಗಾರಿಗೆ ಕಡಲೆ ಬೇಡ, ಬಿಳಿಜೋಳ ಹಾಕಿ. ಶಿಲೀಂಧ್ರ ಗಿಡವಿಲ್ಲದೆಯೂ ಮಣ್ಣಿನಲ್ಲಿ ಆರು ವರ್ಷ ಕಾಯುತ್ತಾ ಕೂರಬಲ್ಲದು. ಬಿತ್ತುವಾಗ ಕಿಲೊ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ಕೆಟ್ಟ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಲೇಪಿಸಿ. ನೆಲ ಇನ್ನೂ ಕಾದಿರುವಾಗ ಅವಸರದಿಂದ ಬಿತ್ತಬೇಡಿ, ಬಿಸಿ ನೆಲ ಆ ರೋಗಕ್ಕೆ ಹಬ್ಬ.

ಕಾಬೂಲಿ ಕಡಲೆ ರಾತ್ರಿಯಿಡೀ ನೆನೆಸಿ, ಟೊಮ್ಯಾಟೊ ಜೊತೆ ಹಾಕಿ ಎಂಟು ಸೀಟಿ ಹೊಡೆಸಿದರೂ ಕಬ್ಬಿಣದ ಕಡಲೆಯೇ. (ತುಮಕೂರು)

ಟೊಮ್ಯಾಟೊ ತೆಗೆಯಿರಿ. ಹುಳಿ ಇದ್ದಲ್ಲಿ ಕಾಳಿನ ಸಿಪ್ಪೆ ಬಿಗಿದುಕೊಳ್ಳುತ್ತದೆ, ಮೆತ್ತಗಾದ ಮೇಲೆ ಹಾಕಿ. ಬೋರ್‌ವೆಲ್ಲಿನ ಗಡಸು ನೀರೂ ಹಾಗೇ ಮಾಡುತ್ತದೆ, ಅದರಲ್ಲಿರುವ ಕ್ಯಾಲ್ಸಿಯಂ ಕಾಳನ್ನು ಬಿಗಿಯುತ್ತದೆ. ನೆನೆಸುವ ನೀರಿಗೆ ಒಂದು ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ಕುಡಿಯುವ ನೀರಿನಲ್ಲಿ ಬೇಯಿಸಿ. ಉಪ್ಪು ಹಾಕಿದರೆ ಬೇಯುವುದಿಲ್ಲ ಅನ್ನುವುದು ಸುಳ್ಳು, ನೆನೆಸುವಾಗ ಹಾಕಿದರೆ ಬೇಗ ಬೇಯುತ್ತದೆ. ಹೀಗೆ ಮಾಡಿಯೂ ಬೇಯದಿದ್ದರೆ ಅದು ಅಂಗಡಿಯಲ್ಲಿ ವರ್ಷಗಟ್ಟಲೆ ಮಲಗಿದ ಕಾಳು. ಹಿಂದಿರುಗಿಸಿ.

ಆ ನೀರು ಚೆಲ್ಲುವುದರಿಂದ, ಇನ್ನೂ ನಾಲ್ಕು ಜನ ಸಂಕೋಚದಿಂದ ಕೇಳಿರುವ ಹೊಟ್ಟೆ ಉಬ್ಬರದ ತೊಂದರೆಯೂ ತಗ್ಗುತ್ತದೆ. ನಮ್ಮ ಹೊಟ್ಟೆ ಅರಗಿಸಲಾರದ ಒಂದು ಜಾತಿಯ ಸಕ್ಕರೆ ಕಡಲೆಯಲ್ಲಿದೆ, ಅದು ಕೆಳಗಿನ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ. ಅವು ಉಂಡ ಮೇಲೆ ಗಾಳಿ ಬಿಡುತ್ತವೆ, ಹೆಸರು ನಿಮಗೆ ಬರುತ್ತದೆ.

ನಾವು ಹೋಳಿಗೆಗೆ ತೊಗರಿಬೇಳೆ ಹಾಕುವವರು. ಧಾರವಾಡದ ಗೆಳತಿಯ ಮಾತು ಕೇಳಿ ಕಡಲೆಬೇಳೆ ಹಾಕಿದೆ. ಹೂರಣ ಪಾಯಸವಾಯಿತು. (ಮೈಸೂರು)

ಬೇಳೆ ಹೆಚ್ಚು ಬೆಂದಿದೆ, ಕಟ್ಟು ಪೂರ್ತಿ ಬಸಿದಿಲ್ಲ. ಕಡಲೆಬೇಳೆಯನ್ನು ಕುಕ್ಕರಿಗೆ ಹಾಕಿ ಮರೆಯುವ ಹಾಗಿಲ್ಲ. ತೆರೆದ ಪಾತ್ರೆಯಲ್ಲಿ ಬೇಯಿಸಿ, ಒಂದು ಬೇಳೆ ತೆಗೆದು ಹೆಬ್ಬೆರಳಿಂದ ಒತ್ತಿ. ಬೇಳೆ ಆಕಾರ ಬಿಡದೆ ನಿಂತಿರಬೇಕು, ಒತ್ತಿದರೆ ಮಾತ್ರ ಹಿಟ್ಟಾಗಬೇಕು. ಅಲ್ಲಿಗೆ ಇಳಿಸಿ, ಬಸಿದು, ಹತ್ತು ನಿಮಿಷ ಹಾಗೇ ಬಿಡಿ. ಬೆಲ್ಲ ಬಿದ್ದ ಕೂಡಲೇ ಎಲ್ಲವೂ ನೀರಾಗುತ್ತದೆ. ಗಾಬರಿಯಾಗಿ ಹಿಟ್ಟು ಬೆರೆಸಬೇಡಿ, ಒಲೆಯ ಮೇಲೇ ಆಡಿಸುತ್ತಾ ಇರಿ. ನಡುವೆ ನಿಲ್ಲಿಸಿದ ಸೌಟು ಬೀಳದೆ ನಿಂತರೆ ಹೂರಣ ಆಯಿತು. ಬಿಸಿ ಇರುವಾಗಲೇ ರುಬ್ಬಿ. ಈಗ ಆಗಿರುವ ಪಾಯಸಕ್ಕೆ ತೆಂಗಿನ ಹಾಲು ಹಾಕಿ ಕುಡಿದುಬಿಡಿ, ಗೆಳತಿಗೆ ಹೇಳಬೇಡಿ.

ಬಸಿದ ಕಟ್ಟನ್ನು ಚೆಲ್ಲಿದ್ದರೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಮ್ಮಲ್ಲಿ ಹೋಳಿಗೆ ಮಾಡುವುದೇ ಕಟ್ಟಿನ ಸಾರಿಗಾಗಿ ಅನ್ನುವ ಗಂಡಸರಿದ್ದಾರೆ. ಒಂದು ಹಿಡಿ ಹೂರಣ, ಹುಣಸೆಹುಳಿ, ಹುರಿದ ಕೊಬ್ಬರಿ, ಮಸಾಲೆಪುಡಿ ಹಾಕಿ ಕುದಿಸಿ. ಮರುದಿನ ಇನ್ನೂ ರುಚಿ.

ಹತ್ತು ಚೀಲ ಇದೆ. ಈಗ ಮಾರಲೋ, ದರ ಏರುವವರೆಗೆ ಇಡಲೋ? (ಕಲಬುರಗಿ ಜಿಲ್ಲೆ)

ನಾನು ಜ್ಯೋತಿಷಿ ಅಲ್ಲ. 2025-26ರ ಹಿಂಗಾರಿ ಮಾರಾಟ ಹಂಗಾಮಿಗೆ (ಅಂದರೆ 2024ರ ಕೊನೆಗೆ ಬಿತ್ತಿದ ಬೆಳೆಗೆ) ಕಡಲೆಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ ಇತ್ತು. ಪೇಟೆ ದರ ಅದಕ್ಕಿಂತ ಕೆಳಗಿದ್ದು ಖರೀದಿ ಕೇಂದ್ರ ತೆರೆದಿದ್ದರೆ, ಪಹಣಿ–ಆಧಾರ್ ಹಿಡಿದುಕೊಂಡು ಹೋಗಿ ಮೊದಲು ನೋಂದಾಯಿಸಿ. ಒಂದು ಮಾತು ನೆನಪಿಡಿ. 2023ರ ಡಿಸೆಂಬರಿನಿಂದ 2025ರ ಅಕ್ಟೋಬರಿನವರೆಗೆ ಸುಂಕವಿಲ್ಲದೆ ಹಳದಿ ಬಟಾಣಿ ಹೊರದೇಶದಿಂದ ಬರಲು ಬಿಟ್ಟಿದ್ದರು. ಭಜಿ ಕರಿಯುವವರ ಕಡಲೆಹಿಟ್ಟಿನ ಡಬ್ಬಿಗೆ ಬಟಾಣಿ ಹಿಟ್ಟು ಇಳಿಯಿತೆಂದರೆ ನಮ್ಮ ಕಡಲೆಯ ದರ ಏರಲು ಕಷ್ಟಪಡುತ್ತದೆ. ಗಾಳಿ ಯಾವ ಕಡೆಯಿದೆ ನೋಡಿಕೊಂಡು ನೀವೇ ತೀರ್ಮಾನಿಸಿ.

ಇಡುವುದಾದರೆ ಹುಳದ ಲೆಕ್ಕವನ್ನೂ ಹಾಕಿ. ಒಂದು ವರ್ಷ ನಾನು ದರಕ್ಕೆ ಕಾದು ಕೂತೆ. ಮೂರು ತಿಂಗಳಿಗೆ ಚೀಲ ಬಿಚ್ಚಿದರೆ ಕಾಳಿನ ಮೇಲೆ ಸುಣ್ಣದ ಚುಕ್ಕೆಯಂತೆ ಬಿಳಿ ಮೊಟ್ಟೆ, ಕಾಳಿಗೊಂದು ದುಂಡನೆ ಕಿಟಕಿ. ದಲಾಲರೊಬ್ಬರು ಬಂದು ಅಂಗೈಯಲ್ಲಿ ಕಾಳು ಹಿಡಿದು ಊದಿದರು, ಅರ್ಧ ಹಾರಿಹೋಯಿತು. ಅವರು ಹೇಳಿದ ದರವನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಕಲಿತೆ. ಹಲ್ಲಿಗೆ ಹಾಕಿದರೆ 'ಟಕ್' ಅನ್ನುವವರೆಗೆ ಒಣಗಿಸಬೇಕು, ತಣ್ಣಗಾದ ಮೇಲೆ ತುಂಬಬೇಕು, ಬಿಸಿಲಿನ ಕಾವಿನಲ್ಲೇ ತುಂಬಿದರೆ ಬೆವರುತ್ತದೆ. ಮನೆಬಳಕೆಗೆ ಇಡುವ ಕಾಳಿಗೆ ಕಿಲೊಗೆ ಒಂದು ಚಮಚ ಹರಳೆಣ್ಣೆ ಸವರಿಡಿ, ಮೊಟ್ಟೆ ಅಂಟಿದರೂ ಮರಿ ಬದುಕುವುದಿಲ್ಲ. ಬೇಳೆ ಮಾಡಿಸಿಟ್ಟರೆ ಇನ್ನೂ ನಿಶ್ಚಿಂತೆ, ಆ ಹುಳಕ್ಕೆ ಇಡೀ ಕಾಳೇ ಬೇಕು.

ಹಂಪಿಯಲ್ಲಿ ಅಷ್ಟು ದೊಡ್ಡ ಗಣಪನಿಗೆ ಕಡಲೆಕಾಳು ಅಂತ ಯಾಕೆ ಹೆಸರು? (ಹೊಸಪೇಟೆ)

ಹದಿನೈದು ಅಡಿಯ ಏಕಶಿಲೆಗೆ ಆ ಹೆಸರು ಬಂದದ್ದು ಹೊಟ್ಟೆಯಿಂದ, ಅರ್ಧ ಕಡಲೆಕಾಳಿನ ಹಾಗೆ ಉಬ್ಬಿದೆ ಅಂತ. ಈ ಕಾಳಿನ ಆಕಾರವೇ ಹಾಗೆ, ನೋಡಿದವರಿಗೆ ಏನಾದರೊಂದು ನೆನಪಿಗೆ ತರುತ್ತದೆ. ಸಸ್ಯಶಾಸ್ತ್ರದವರು ಕೊಟ್ಟ ಹೆಸರು 'ಸೈಸರ್ ಏರಿಯೆಟಿನಮ್'. ಆ ಎರಡನೇ ಪದ ಟಗರಿನದು. ಒಂದು ಕಾಳನ್ನು ಕೊಕ್ಕು ಕೆಳಗಾಗಿ ಹಿಡಿದು ನೋಡಿ, ಕೊಂಬು ಸುತ್ತಿಕೊಂಡ ಟಗರಿನ ತಲೆ ಕಾಣುತ್ತದೆ. ರೋಮಿನ ವಾಗ್ಮಿ ಸಿಸೆರೋನ ಮನೆತನಕ್ಕೆ ಆ ಹೆಸರು ಬಂದದ್ದೂ ಇದರಿಂದಲೇ, ಅವರ ಹಿರಿಯನೊಬ್ಬನ ಮೂಗಿನ ತುದಿ ಕಡಲೆಯಂತೆ ಸೀಳಿತ್ತು ಎಂದು ಹಳೆಯ ಕಾಲದ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. ಗಣಪನಿಗೆ ಹೊಟ್ಟೆ, ಅವನಿಗೆ ಮೂಗು.

ಇಲ್ಲಿ ಎಲ್ಲವೂ ಸಿಗುತ್ತದೆ, ಸುಲಗಾಯಿ (ಕಡಲೆಯ ಹಸಿ ಕಾಯಿ) ಒಂದು ಬಿಟ್ಟು. ಕುಂಡದಲ್ಲಿ ಬೆಳೆಯಬಹುದೇ? (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಬೆಳೆಯಬಹುದು. ಭಾರತದ ಅಂಗಡಿಯ ಕಂದು ಕಡಲೆಯನ್ನೇ ತನ್ನಿ, ಬೇಳೆಯಲ್ಲ, ಹುರಿದದ್ದೂ ಅಲ್ಲ. ಒಂದಡಿ ಆಳದ ಕುಂಡ, ನೀರು ನಿಲ್ಲದ ಮಣ್ಣು, ತಂಪಿನ ಕಾಲ. ಇದರ ಕಾಡು ಪೂರ್ವಜ ಇಂದಿಗೂ ಟರ್ಕಿಯ ಆಗ್ನೇಯ ಭಾಗದ ಗುಡ್ಡಗಳಲ್ಲಿದೆ, ಅಲ್ಲಿನ ಜನ ಸುಮಾರು 10,000 ವರ್ಷಗಳ ಹಿಂದೆ ಅದನ್ನು ಹೊಲಕ್ಕೆ ತಂದರು. ಹಾಗಾಗಿ ಇದಕ್ಕೆ ಚಳಿ ಬೇಕು, ಬೇಸಗೆಯ ಸುಡುಬಿಸಿಲು ಆಗದು. ನೀರನ್ನು ಕೈ ಬಿಗಿಹಿಡಿದು ಹಾಕಿ. ಆದರೆ ಒಂದು ಕಾಯಿಯಲ್ಲಿ ಇರುವುದೇ ಒಂದೋ ಎರಡೋ ಕಾಳು. ನಾಲ್ಕು ಕುಂಡಕ್ಕೆ ಒಂದು ಹಿಡಿ ಸಿಕ್ಕರೆ ಪುಣ್ಯ.

ಅದಕ್ಕಿಂತ ಸುಲಭದ ದಾರಿ ನಿಮ್ಮೂರಲ್ಲೇ ಇದೆ. ಸ್ಪೇನಿನವರು ಕಡಲೆಯನ್ನು ಮೆಕ್ಸಿಕೋಗೆ ಒಯ್ದರು, ಅಲ್ಲಿನವರು ಹಸಿ ಕಾಯಿಯನ್ನು ಉಪ್ಪು ಹಾಕಿ ಬೇಯಿಸಿ ತಿನ್ನುತ್ತಾರೆ, 'ಗ್ವಾಸಾನಾ' ಅನ್ನುತ್ತಾರೆ. ಮೆಕ್ಸಿಕನ್ ಕಾಯಿಪಲ್ಲೆ ಅಂಗಡಿಯಲ್ಲಿ ಹಸಿರು ಕಾಯಿ ಕೇಳಿ ನೋಡಿ. ಸಿಕ್ಕರೆ ದಪ್ಪ ಬಾಣಲೆಯಲ್ಲಿ, ಎಣ್ಣೆ ಇಲ್ಲದೆ, ಸಿಪ್ಪೆ ಅಲ್ಲಲ್ಲಿ ಕಪ್ಪಾಗುವವರೆಗೆ ಸುಡಿ. ನಾವು ಗಿಡ ಸಮೇತ ಕಿತ್ತು, ಹೊಲದಲ್ಲೇ ಜೋಳದ ರವದಿಗೆ ಬೆಂಕಿ ಹಚ್ಚಿ ಅದರಲ್ಲಿ ಸುಡುತ್ತೇವೆ, ಬೂದಿಯಲ್ಲಿ ಕೈಯಾಡಿಸಿ ಹೆಕ್ಕಿ ತಿನ್ನುತ್ತೇವೆ, ಕೈ ಬಾಯಿ ಎರಡೂ ಮಸಿ. ಆ ಮಸಿಯ ರುಚಿ ಬಾಣಲೆಯಲ್ಲಿ ಬರುವುದಿಲ್ಲ, ಅದಕ್ಕೆ ಜನವರಿಯಲ್ಲಿ ಟಿಕೆಟ್ ಮಾಡಿಸಬೇಕು.

ನನಗೆ ಎಪ್ಪತ್ತೊಂಬತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ಮಾತು ನನ್ನ ಪಾಲಿಗೆ ಖರೆ ಆಗಿದೆ. ಏನು ಮಾಡಲಿ? (ಕೊಪ್ಪಳ)

ನಮ್ಮ ಅತ್ತಿಗೆ ಕೊನೆಯ ಆರು ವರ್ಷ ಬಾಯಲ್ಲಿ ಒಂದೂ ಹಲ್ಲು ಇರಲಿಲ್ಲ. ಆದರೂ ಕಡಲೆ ಬಿಡಲಿಲ್ಲ. ಒಂದು ಬಟ್ಟಲು ಪುಟಾಣಿ, ಎರಡು ಏಲಕ್ಕಿ, ಚಿಟಿಕೆ ಒಣಶುಂಠಿ ಸೇರಿಸಿ ನಯವಾಗಿ ಪುಡಿ ಮಾಡಿಸಿ, ಜರಡಿ ಹಿಡಿಸಿ ಡಬ್ಬಿಯಲ್ಲಿಡಿ. ಬೇಕಾದಾಗ ಎರಡು ಚಮಚ ಪುಡಿಗೆ ಬೆಲ್ಲದ ಪುಡಿ, ಅರ್ಧ ಚಮಚ ತುಪ್ಪ, ಬೆಚ್ಚನೆ ಹಾಲು ಹಾಕಿ ಕಲಸಿ. ಹಾಲು ಒಮ್ಮೆಲೇ ಸುರಿದರೆ ಗಂಟಾಗುತ್ತದೆ, ಸ್ವಲ್ಪ ಸ್ವಲ್ಪ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಟ್ಟು, ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ. ಅತ್ತಿ ಅದನ್ನು ಬೆರಳಿನಿಂದಲೇ ನೆಕ್ಕುತ್ತಿದ್ದರು, ಚಮಚ ಕೊಟ್ಟರೆ ಬೈಯುತ್ತಿದ್ದರು.